ಮನೆಯ ಸಾಕೆಟ್‌ಗಳ ಅರ್ಥಿಂಗ್ ಪರೀಕ್ಷೆ: ಯಾವ ಸಂಶಯಕ್ಕೆ ಯಾವ ಉಪಕರಣ

ಫೇಸ್ ವೈರ್ ಕಡಿದರೆ ದೀಪ ಆರುತ್ತದೆ, ನ್ಯೂಟ್ರಲ್ ಕಡಿದರೂ ಆರುತ್ತದೆ; ಅರ್ಥ್ ವೈರ್ ಕಡಿದರೆ ಮಾತ್ರ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಗೀಸರ್ ನೀರು ಕಾಯಿಸುತ್ತದೆ, ಗ್ರೈಂಡರ್ ತಿರುಗುತ್ತದೆ, ಫ್ರಿಜ್ ತಣ್ಣಗಿರುತ್ತದೆ. ಗೀಸರಿನ ಕಾಯಿಲ್ ಸೋರಿ ಅದರ ತೊಟ್ಟಿಗೆ ಫೇಸ್ ತಗಲುವ ದಿನ ಬರುವವರೆಗೆ, ಸಾಕೆಟ್ಟಿನ ಮೇಲಿನ ದಪ್ಪ ರಂಧ್ರದ ಹಿಂದೆ ವೈರ್ ಇದೆಯೋ ಇಲ್ಲವೋ ಎಂಬುದು ಮನೆಯವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಅರ್ಥಿಂಗನ್ನು ಅಳೆದೇ ನೋಡಬೇಕು. ಅಳೆಯಲು ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಸಾಕೆಟ್ ಟೆಸ್ಟರ್, ಕಡಿಮೆ ರೋಧ ಅಳೆಯುವ ಕಂಟಿನ್ಯುಟಿ ಮೀಟರ್, ಲೂಪ್ ಟೆಸ್ಟರ್, ಮೂರು ಗೂಟದ ಅರ್ಥ್ ಟೆಸ್ಟರ್, ಕ್ಲ್ಯಾಂಪ್ ಟೆಸ್ಟರ್ ಎಂದು ಹಲವು ಉಪಕರಣಗಳಿವೆ. ಇವುಗಳಲ್ಲಿ ಅಗ್ಗದ್ದು ಕಡಿಮೆ ನಿಖರ, ದುಬಾರಿಯದ್ದು ಹೆಚ್ಚು ನಿಖರ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಇವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುವ ಉಪಕರಣಗಳು, ಮತ್ತು ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಹಚ್ಚಿದಾಗಲೇ ಅಪಾಯ ಹುಟ್ಟುತ್ತದೆ.

ಪ್ರಶ್ನೆಗಳನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಡಿಬಿಯ (ಮನೆಯ ಎಲ್ಲ ಸರ್ಕ್ಯೂಟುಗಳು ಹೊರಡುವ ವಿತರಣಾ ಪೆಟ್ಟಿಗೆಯ) ಅರ್ಥ್ ಪಟ್ಟಿಯವರೆಗೆ ವೈರ್ ಅಖಂಡವಾಗಿದೆಯೇ, ಅದರ ರೋಧ ಎಷ್ಟು ಎಂಬುದು ಒಂದು. ಆ ಪಟ್ಟಿಯಿಂದ ಹೊರಟು ಅಂಗಳದ ಅರ್ಥ್ ಗುಂಡಿಯ ಮೂಲಕ ಭೂಮಿಗೆ ಸೇರುವಲ್ಲಿ ರೋಧ ಎಷ್ಟು ಎಂಬುದು ಇನ್ನೊಂದು. ಇವೆರಡೂ ಸರಿಯಿದ್ದರೂ ಉಳಿಯುವ ಮೂರನೆಯ ಪ್ರಶ್ನೆಯೇ ಜೀವ ಉಳಿಸುವಂಥದ್ದು: ಉಪಕರಣದ ಮೈಗೆ ಫೇಸ್ ತಗಲಿದಾಗ ಸರಬರಾಜು ಸಾಕಷ್ಟು ಬೇಗ ಕಡಿದುಹೋಗುತ್ತದೆಯೇ?

ಮನೆ ಯಾವ ಬಗೆಯದು ಎಂಬುದು ಮೊದಲು ಗೊತ್ತಿರಲಿ

ಕರ್ನಾಟಕದ ಬಹುಪಾಲು ಬಿಡಿ ಮನೆಗಳಿಗೆ ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ ಬರುತ್ತವೆ. ಅರ್ಥನ್ನು ಮನೆಯವರೇ ತಮ್ಮ ನಿವೇಶನದಲ್ಲಿ ಗುಂಡಿ ತೋಡಿ ಮಾಡಿಕೊಳ್ಳುತ್ತಾರೆ. ತಾಂತ್ರಿಕವಾಗಿ ಇದನ್ನು ಟಿಟಿ ವ್ಯವಸ್ಥೆ ಎನ್ನುತ್ತಾರೆ. ದೋಷದ ಕರೆಂಟು ಇಲ್ಲಿ ಗುಂಡಿಯ ಮೂಲಕ ಮಣ್ಣಿಗಿಳಿದು, ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರಿನ ಅರ್ಥಿಗೆ ಮರಳಬೇಕು. ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಸಾಮಾನ್ಯವಾಗಿ ಅರ್ಥ್ ಪಟ್ಟಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಬಿಂದುವಿಗೆ ಲೋಹದ ಮೂಲಕವೇ ಸೇರಿರುತ್ತದೆ. ಇದು ಟಿಎನ್ ವ್ಯವಸ್ಥೆ. ಎರಡರಲ್ಲೂ ಸಾಕೆಟ್ ಒಂದೇ ರೀತಿ ಕಾಣುತ್ತದೆ, ಆದರೆ ಯಾವ ಅಳತೆಯನ್ನು ಒಳ್ಳೆಯದೆನ್ನಬೇಕು ಎಂಬುದು ಎರಡರಲ್ಲೂ ಪೂರ್ತಿ ಬೇರೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಬಿಡಿ ಮನೆಯೊಂದರ ಗುಂಡಿಯ ರೋಧ 5 ಓಮ್, ಟ್ರಾನ್ಸ್‌ಫಾರ್ಮರಿನ ಅರ್ಥ್ ರೋಧ 1 ಓಮ್ ಎಂದಿಟ್ಟುಕೊಳ್ಳಿ. 5 ಓಮ್ ಎಂದರೆ ಬಹಳ ಚೆನ್ನಾದ ಗುಂಡಿ ಎಂದೇ ಎಲ್ಲರೂ ಹೇಳುತ್ತಾರೆ. ಗೀಸರಿನ ಮೈಗೆ 230 ವೋಲ್ಟಿನ ಫೇಸ್ ತಗಲಿದರೆ ಹರಿಯುವ ಕರೆಂಟು ಸುಮಾರು 38 ಆಂಪಿಯರ್. ಆ 38 ಆಂಪಿಯರ್ 5 ಓಮಿನ ಮೂಲಕ ಹಾದುಹೋಗುವಾಗ ಗೀಸರಿನ ಮೈಮೇಲೆ ನಿಲ್ಲುವ ವೋಲ್ಟೇಜು ಸುಮಾರು 190. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದಾಗ ತಾನಾಗಿ ಬಿದ್ದು ಸರಬರಾಜು ಕಡಿಯುವ ಸ್ವಿಚ್. ಸಿ ವರ್ಗದ 16 ಆಂಪಿಯರ್ ಎಂಸಿಬಿ ಖಚಿತವಾಗಿ ತಕ್ಷಣ ಬೀಳಬೇಕಾದರೆ ಅದರ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಬೇಕು. 38 ಆಂಪಿಯರಿಗೆ ಅದು ನಿಧಾನವಾಗಿ ಬಿಸಿಯಾಗಿ ಬೀಳಲು ಹಲವು ಸೆಕೆಂಡುಗಳಿಂದ ಸುಮಾರು ಒಂದು ನಿಮಿಷದವರೆಗೂ ಹಿಡಿಯಬಹುದು. ಅಷ್ಟು ಹೊತ್ತು ಸ್ನಾನದ ಮನೆಯಲ್ಲಿ ನಿಂತವರ ತಲೆಯ ಮೇಲೆ 190 ವೋಲ್ಟ್ ಇರುತ್ತದೆ. ಹೀಗಾಗಿ ಬಿಡಿ ಮನೆಯಲ್ಲಿ ಗುಂಡಿ ಎಷ್ಟೇ ಚೆನ್ನಾಗಿದ್ದರೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದೆ ಸೋರಿದಾಗ ಸರಬರಾಜು ಕಡಿಯುವ ಸ್ವಿಚ್) ಇಲ್ಲದಿದ್ದರೆ ರಕ್ಷಣೆ ಪೂರ್ಣವಲ್ಲ. ಆರ್‌ಸಿಸಿಬಿ ಇದ್ದಾಗ ಗುಂಡಿಯ ಮೇಲಿನ ಒತ್ತಡ ಬಹಳ ಕಡಿಮೆಯಾಗುತ್ತದೆ: ಮೈಮೇಲಿನ ವೋಲ್ಟೇಜು 50 ಮೀರುವ ಮೊದಲೇ 30 ಮಿಲಿ ಆಂಪಿಯರ್ ಹರಿಯಬೇಕೆಂದರೆ ಲೆಕ್ಕದ ಪ್ರಕಾರ 1,667 ಓಮ್ ಇದ್ದರೂ ಸಾಕು. ಮಣ್ಣು ಒಣಗಿದಾಗ ರೋಧ ಏರುವುದರಿಂದ ಯಾರೂ ಅಷ್ಟಕ್ಕೆ ಬಿಡಬಾರದು. 100 ಓಮಿನ ಒಳಗಿದ್ದರೆ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ. ಆದರೂ ಗುಂಡಿಯ ಅಂಕೆಯನ್ನು 5ರಿಂದ 2ಕ್ಕೆ ಇಳಿಸಲು ಮಾಡುವ ಖರ್ಚಿಗಿಂತ ಒಂದು ಒಳ್ಳೆಯ ಆರ್‌ಸಿಸಿಬಿಗೆ ಮಾಡುವ ಖರ್ಚು ಹೆಚ್ಚು ಪ್ರಾಣರಕ್ಷಕ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಟೆಸ್ಟ್ ಲ್ಯಾಂಪ್: ಬಿಡಬೇಕಾದ ಅಭ್ಯಾಸ

ಹೋಲ್ಡರಿಗೆ 100 ವ್ಯಾಟಿನ ಬಲ್ಬು ಹಾಕಿ, ಎರಡು ವೈರ್‌ಗಳನ್ನು ಫೇಸಿಗೂ ಅರ್ಥಿಗೂ ಕೊಟ್ಟು, ಬಲ್ಬು ಚೆನ್ನಾಗಿ ಉರಿದರೆ ಅರ್ಥ್ ಸರಿಯಿದೆ ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಮಲ್ಟಿಮೀಟರಿಗೆ ಹೋಲಿಸಿದರೆ ಇದರಲ್ಲಿ ಒಂದು ಗುಣವಿದೆ: ಇದು ಅರ್ಥ್ ದಾರಿಯಲ್ಲಿ ಸುಮಾರು 0.43 ಆಂಪಿಯರನ್ನು ನಿಜವಾಗಿಯೂ ಹರಿಸುತ್ತದೆ. ಆದರೆ ಉರಿಯುವ ಬಲ್ಬಿನ ರೋಧವೇ 529 ಓಮಿನಷ್ಟಿರುವುದರಿಂದ, ಅರ್ಥಿನ ರೋಧ 5 ಓಮ್ ಇದ್ದರೂ 30 ಓಮ್ ಇದ್ದರೂ ಬೆಳಕಿನ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. 100 ಓಮ್ ಇದ್ದರೂ ಬಲ್ಬಿಗೆ 190 ವೋಲ್ಟಿಗಿಂತ ಹೆಚ್ಚು ಸಿಗುತ್ತದೆ, ಅದು ಸ್ವಲ್ಪ ಮಂಕಾಗಿ ಉರಿಯುತ್ತಲೇ ಇರುತ್ತದೆ.

ಇದಕ್ಕಿಂತ ದೊಡ್ಡ ದೋಷ ಬೇರೆಯಿದೆ. ಗುಂಡಿಗೆ ಹೋಗುವ ವೈರ್ ಎಲ್ಲೋ ಕಡಿದಿದ್ದರೆ, ಬಲ್ಬಿನ ಮೂಲಕ ಬಂದ ಫೇಸ್ ಮನೆಯ ಎಲ್ಲ ಸಾಕೆಟ್‌ಗಳ ಅರ್ಥ್ ಪಿನ್ನುಗಳಿಗೂ, ಅವುಗಳಿಗೆ ಸೇರಿದ ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್‌ಗಳ ಮೈಗೂ ಹರಡುತ್ತದೆ. ಪರೀಕ್ಷೆ ಮಾಡುವವರು ಹಜಾರದಲ್ಲಿದ್ದಾಗ ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ಹಿಡಿದವರಿಗೆ ಶಾಕ್ ಹೊಡೆಯುತ್ತದೆ. ಅರ್ಥ್ ಇಲ್ಲದ ಮನೆಯನ್ನು ಕಂಡುಹಿಡಿಯಲೆಂದು ಮಾಡುವ ಪರೀಕ್ಷೆ ಅರ್ಥ್ ಇಲ್ಲದ ಮನೆಯಲ್ಲೇ ಅತ್ಯಂತ ಅಪಾಯಕಾರಿ ಎಂಬ ಒಂದೇ ಕಾರಣಕ್ಕೆ ಇದನ್ನು ಆಯ್ಕೆಯ ಪಟ್ಟಿಯಿಂದಲೇ ತೆಗೆಯಬೇಕು. ಆರ್‌ಸಿಸಿಬಿ ಇರುವ ಮನೆಯಲ್ಲಿ ಅರ್ಥ್ ಸರಿಯಿದ್ದರೆ ಬಲ್ಬು ಹಚ್ಚಿದ ಕೂಡಲೇ ಅದು ಬೀಳುತ್ತದೆ, ಹಾಗಾಗಿ ಅಲ್ಲಿ ಈ ವಿಧಾನ ಉಪಯೋಗಕ್ಕೂ ಬಾರದು.

ಮಲ್ಟಿಮೀಟರ್ ಮತ್ತು ಸಾಕೆಟ್ ಟೆಸ್ಟರ್

ಮಲ್ಟಿಮೀಟರಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ಕಂಡರೆ ಹಲವರು ಸಮಾಧಾನಗೊಳ್ಳುತ್ತಾರೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಅರ್ಥ್ ದಾರಿಯಿಂದ ಎಳೆಯುವ ಕರೆಂಟು ಎಷ್ಟು ಅಲ್ಪವೆಂದರೆ, ಅರ್ಥಿನ ರೋಧ 10,000 ಓಮ್ ಇದ್ದರೂ ಮೀಟರಿನ ಅಂಕೆಯಲ್ಲಿ ಕಾಲು ವೋಲ್ಟಿನಷ್ಟೂ ಇಳಿಕೆಯಾಗದು. ಅಂಥ ಅರ್ಥಿನಲ್ಲಿ ದೋಷ ಬಂದರೆ ಹರಿಯುವುದು 23 ಮಿಲಿ ಆಂಪಿಯರ್ ಮಾತ್ರ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬಿದ್ದೇ ಬೀಳುತ್ತದೆಂದು ಹೇಳಲು ಅಷ್ಟು ಸಾಲದು. ಮೀಟರ್ 230 ತೋರಿಸುತ್ತದೆ, ಮನೆಯಲ್ಲಿ ರಕ್ಷಣೆ ಇರುವುದಿಲ್ಲ.

ಹಾಗಿದ್ದರೂ ಮಲ್ಟಿಮೀಟರಿನಿಂದ ಎರಡು ಸುಳಿವುಗಳು ಸಿಗುತ್ತವೆ. ಫೇಸ್ ಮತ್ತು ಅರ್ಥ್ ನಡುವೆ 230ರ ಬದಲು 80, 110, 140 ಹೀಗೆ ಅಲುಗಾಡುವ ಅಂಕೆ ಕಂಡರೆ ಅರ್ಥ್ ವೈರ್ ಎಲ್ಲೋ ತೇಲುತ್ತಿದೆ ಎಂದೇ ತಿಳಿಯಬೇಕು. ಪಕ್ಕದ ಫೇಸ್ ವೈರಿನಿಂದಲೂ, ಕಂಪ್ಯೂಟರ್ ಮತ್ತು ಟಿವಿಗಳ ಒಳಗಿನ ಕೆಪಾಸಿಟರ್‌ಗಳಿಂದಲೂ ಅದಕ್ಕೆ ಹುಸಿ ವೋಲ್ಟೇಜು ಬಂದಿರುತ್ತದೆ. ಎರಡನೆಯದು ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜು. ಮನೆಯಲ್ಲಿ ಲೋಡ್ ನಡೆಯುತ್ತಿದ್ದಾಗ ಇಲ್ಲಿ ಒಂದೆರಡು ವೋಲ್ಟ್ ಕಾಣುವುದು ಸಹಜ. ಗೀಸರ್, ಇಸ್ತ್ರಿಪೆಟ್ಟಿಗೆ ಎಲ್ಲ ನಡೆಯುತ್ತಿದ್ದರೂ ಅದು ಸೊನ್ನೆಯಲ್ಲೇ ನಿಂತಿದ್ದರೆ ಸಂತೋಷಪಡುವ ಬದಲು ಸಾಕೆಟ್ಟನ್ನು ಬಿಚ್ಚಿಸಿ ನೋಡಬೇಕು, ಏಕೆಂದರೆ ಯಾರೋ ಅದರ ಹಿಂದೆ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ವೈರ್ ಹಾಕಿ ಸೇರಿಸಿರುವ ಸಾಧ್ಯತೆ ಇದೆ.

ಈ ತುಂಡು ವೈರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅರ್ಥ್ ವೈರ್ ಎಳೆಯದ ಹಳೆಯ ಮನೆಯಲ್ಲಿ ವಾಷಿಂಗ್ ಮೆಷಿನ್ ಅಳವಡಿಸಲು ಬಂದವರು ಅರ್ಥ್ ಬೇಕೇ ಬೇಕು ಎಂದಾಗ, ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಟರ್ಮಿನಲ್ಲಿಗೆ ಲೂಪ್ ಕೊಟ್ಟು ಕೆಲಸ ಮುಗಿಸುವುದು ನಡೆಯುತ್ತದೆ. ಆ ದಿನ ಟೆಸ್ಟ್ ಲ್ಯಾಂಪ್, ಸಾಕೆಟ್ ಟೆಸ್ಟರ್‌ಗಳಂಥ ಪರೀಕ್ಷೆಗಳಲ್ಲಿ ಸಾಕೆಟ್ ಪಾಸಾಗುತ್ತದೆ. ಮುಂದೊಂದು ದಿನ ನ್ಯೂಟ್ರಲ್ ಮೀಟರ್ ಬೋರ್ಡಿನಲ್ಲೋ ಕಂಬದಲ್ಲೋ ಸಡಿಲವಾದರೆ, ಮೆಷಿನ್ನಿನ ಮೈಗೆ ನೇರವಾಗಿ ಫೇಸ್ ಬಂದು ನಿಲ್ಲುತ್ತದೆ. ಮೆಷಿನ್ನಿನಲ್ಲಿ ಯಾವ ದೋಷವೂ ಇರಬೇಕಾಗಿಲ್ಲ. ಅರ್ಥ್ ಇಲ್ಲದ ಸಾಕೆಟ್ಟಿಗಿಂತ ಹೀಗೆ ಮಾಡಿದ ಸಾಕೆಟ್ ಹೆಚ್ಚು ಅಪಾಯಕಾರಿ.

ಪ್ಲಗ್ಗಿನಂತೆ ಚುಚ್ಚಿ ಮೂರು ದೀಪಗಳನ್ನು ನೋಡುವ ಸಾಕೆಟ್ ಟೆಸ್ಟರ್ ಇದನ್ನು ಕಂಡುಹಿಡಿಯಲಾರದು. ನ್ಯೂಟ್ರಲ್ ಮತ್ತು ಅರ್ಥ್ ಅದಲುಬದಲಾಗಿದ್ದರೂ ಅದಕ್ಕೆ ತಿಳಿಯದು, ರೋಧದ ಅಂಕೆಯನ್ನೂ ಅದು ಹೇಳದು. ಆದರೆ ಅರ್ಥ್ ಪೂರ್ತಿ ಇಲ್ಲದಿರುವುದನ್ನೂ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನೂ ಅದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ನಮ್ಮ ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಅರ್ಥ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ ಇರಬೇಕು. ಮನೆಯವರು ಯಾವ ವೈರಿಗೂ ಕೈ ಹಚ್ಚದೆ, ಯಾವ ಸಾಕೆಟ್ಟನ್ನೂ ಬಿಚ್ಚದೆ ಬಳಸಬಹುದಾದ ಉಪಕರಣ ಇದೊಂದೇ. ಬಾಡಿಗೆಗೆ ಮನೆ ನೋಡಲು ಹೋದಾಗ ಜೇಬಿನಲ್ಲಿಟ್ಟುಕೊಂಡು ಹೋಗಲು ಇದು ತಕ್ಕದ್ದು. 6 ಆಂಪಿಯರ್ ಮತ್ತು 16 ಆಂಪಿಯರ್ ಸಾಕೆಟ್‌ಗಳ ರಂಧ್ರಗಳ ಅಳತೆ ಬೇರೆಯಾದ್ದರಿಂದ, ಗೀಸರ್ ಮತ್ತು ಎಸಿಯ ಪಾಯಿಂಟುಗಳನ್ನೂ ನೋಡಲು ಆಗುವಂಥದ್ದನ್ನೇ ಕೊಳ್ಳಬೇಕು. ಅದು ತಪ್ಪು ತೋರಿಸಿದರೆ ನಂಬಿ. ಸರಿ ಎಂದು ತೋರಿಸಿದರೆ ಮುಂದಿನ ಪರೀಕ್ಷೆಗೆ ಹೋಗಿ.

ಕಂಟಿನ್ಯುಟಿ ಮೀಟರ್: ಮೊದಲ ಪ್ರಶ್ನೆಯ ಸರಿಯಾದ ಉತ್ತರ

ಅರ್ಥ್ ವೈರಿನ ಅಖಂಡತೆಯನ್ನು ಅಳೆಯಲು ಇರುವ ಉಪಕರಣ ಕಡಿಮೆ ರೋಧದ ಕಂಟಿನ್ಯುಟಿ ಮೀಟರ್. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದು ತೆರೆದ ತುದಿಗಳಲ್ಲಿ 4ರಿಂದ 24 ವೋಲ್ಟ್ ಕೊಟ್ಟು, ಕನಿಷ್ಠ 200 ಮಿಲಿ ಆಂಪಿಯರ್ ಹರಿಸಿ, 0.01 ಓಮಿನವರೆಗೆ ಓದಬಲ್ಲದು. ಸಾಮಾನ್ಯ ಮಲ್ಟಿಮೀಟರಿನ ಬೀಪ್ ಶಬ್ದ ಹತ್ತಾರು ಓಮ್ ಇದ್ದರೂ ಕೇಳಿಸುತ್ತದೆ, ಅದು ಹರಿಸುವುದು ಒಂದು ಮಿಲಿ ಆಂಪಿಯರಿನ ಆಸುಪಾಸು, ಅದರ ಎರಡು ಲೀಡುಗಳ ರೋಧವೇ ಅಳೆಯಬೇಕಾದ ವೈರಿನ ರೋಧದಷ್ಟಿರುತ್ತದೆ. ಕಿಲುಬು ಹಿಡಿದ ಅಥವಾ ಸಡಿಲವಾದ ಸ್ಕ್ರೂ ಸಂಧಿಯನ್ನು ಬಯಲಿಗೆಳೆಯುವುದರಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ.

ಈ ಪರೀಕ್ಷೆ ಕರೆಂಟು ತೆಗೆದೇ ನಡೆಯಬೇಕು. ಮೇನ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಮನೆ ಸತ್ತಿದೆ ಎಂದು ತಿಳಿಯಬಾರದು. ಇನ್ವರ್ಟರ್ ಇರುವ ಮನೆಗಳಲ್ಲಿ ಅರ್ಧ ಪಾಯಿಂಟುಗಳಿಗೆ ಬ್ಯಾಟರಿಯಿಂದ 230 ವೋಲ್ಟ್ ಬರುತ್ತಲೇ ಇರುತ್ತದೆ, ಸೋಲಾರ್ ಇದ್ದರೆ ಅದನ್ನೂ ನೋಡಿಕೊಳ್ಳಬೇಕು. ಎಲ್ಲವನ್ನೂ ಆಫ್ ಮಾಡಿ, ಉಪಕರಣಗಳ ಪ್ಲಗ್ ಕಿತ್ತು, ಕರೆಂಟಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆ, ಡಿಬಿಯ ಅರ್ಥ್ ಪಟ್ಟಿಯಿಂದ ಉದ್ದನೆಯ ವೈರೊಂದನ್ನು ಮೀಟರಿಗೆ ತಂದು, ಆ ವೈರಿನ ರೋಧವನ್ನು ಮೀಟರಿನಲ್ಲಿ ಸೊನ್ನೆಗೆ ಹೊಂದಿಸಿಕೊಂಡು, ಒಂದೊಂದೇ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಇನ್ನೊಂದು ತುದಿಯನ್ನು ಮುಟ್ಟಿಸುತ್ತಾ ಹೋಗಬೇಕು. ಶಟರ್ ಇರುವ ಸಾಕೆಟ್‌ಗಳಿಗೆ ಪ್ರೋಬು ಸರಿಯಾಗಿ ತಗಲದು. ಮೂರು ಪಿನ್ನಿನ ಪ್ಲಗ್ ಟಾಪಿನ ಅರ್ಥ್ ಪಿನ್ನಿಗೆ ಮಾತ್ರ ವೈರ್ ಜೋಡಿಸಿಕೊಂಡರೆ ಗಟ್ಟಿ ಸಂಪರ್ಕ ಸಿಗುತ್ತದೆ, ಮತ್ತು ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತವೂ ಪರೀಕ್ಷೆಗೆ ಒಳಪಡುತ್ತದೆ. ಗೀಸರಿನ ಲೋಹದ ಮೈಯಿಂದಲೂ ಹೀಗೇ ಅಳೆಯಬೇಕು, ಏಕೆಂದರೆ ಸಾಕೆಟ್ ಸರಿಯಿದ್ದು ಗೀಸರಿನ ಕಾರ್ಡಿನೊಳಗೆ ಹಸಿರು ವೈರ್ ಕಡಿದಿರಬಹುದು.

ಬಂದ ಅಂಕೆಯನ್ನು ವೈರಿನ ಉದ್ದದೊಂದಿಗೆ ಹೋಲಿಸುವುದೇ ಈ ಪರೀಕ್ಷೆಯ ತಿರುಳು. 1.5 ಚದರ ಮಿಲಿಮೀಟರಿನ ತಾಮ್ರದ ವೈರ್ 20 ಮೀಟರ್ ಇದ್ದರೆ ಸುಮಾರು ಕಾಲು ಓಮ್, 1 ಚದರ ಮಿಲಿಮೀಟರಿನದಾದರೆ ಸುಮಾರು 0.4 ಓಮ್, 2.5ರದಾದರೆ ಸುಮಾರು 0.15 ಓಮ್ ಬರಬೇಕು. ಅರ್ಥ್ ದಾರಿ ಒಂದು ಓಮ್ ಮೀರಬಾರದು ಎಂಬ ಪಾಠವನ್ನು ನಮ್ಮಲ್ಲಿ ಎಲೆಕ್ಟ್ರಿಷಿಯನ್ನರು ಕಲಿತಿರುತ್ತಾರೆ, ಅದು ಹೊರಮಿತಿಯಾಗಿ ಸರಿ. ಆದರೆ 12 ಮೀಟರ್ ದೂರದ ಸಾಕೆಟ್ಟಿನಲ್ಲಿ 0.9 ಓಮ್ ಬಂದರೆ, ಒಂದರ ಒಳಗಿದೆಯಲ್ಲ ಎಂದು ಬಿಡಬಾರದು. ಅಲ್ಲಿ ಬರಬೇಕಾಗಿದ್ದುದು 0.15ರ ಸುತ್ತಮುತ್ತ, ಉಳಿದದ್ದು ಯಾವುದೋ ಕೆಟ್ಟ ಸಂಧಿಯದು. ನಮ್ಮ ಮನೆಗಳಲ್ಲಿ ಅರ್ಥ್ ವೈರನ್ನು ಒಂದು ಸ್ವಿಚ್ ಬೋರ್ಡಿನಿಂದ ಮತ್ತೊಂದಕ್ಕೆ ಲೂಪ್ ಮಾಡುತ್ತಾ ಒಯ್ಯುವುದರಿಂದ, ಅಂಕೆಗಳು ದೂರ ಹೋದಂತೆ ಸ್ವಲ್ಪ ಸ್ವಲ್ಪವೇ ಏರಬೇಕು. ಎರಡು ಬೋರ್ಡುಗಳ ನಡುವೆ ಹಠಾತ್ತನೆ ಏರಿದರೆ ತಪ್ಪು ಆ ಎರಡರಲ್ಲೊಂದರಲ್ಲಿದೆ.

ಹಳೆಯ ಮನೆಗಳಲ್ಲಿ ಹೋಲಿಕೆಯ ಅಂಕೆಯೇ ಬದಲಾಗುತ್ತದೆ. ಹೊದಿಕೆಯಿಲ್ಲದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಅರ್ಥಿಗೆ ಬಳಸಿದ್ದರೆ ಅದೇ ದಪ್ಪದ ತಾಮ್ರಕ್ಕಿಂತ ಏಳೆಂಟು ಪಟ್ಟು ರೋಧ ಸಹಜ. 14 ಗೇಜಿನ ಜಿಐ ತಂತಿ 20 ಮೀಟರ್ ಇದ್ದರೆ ಒಂದು ಓಮಿನ ಹತ್ತಿರ ಬರುತ್ತದೆ. ಕಬ್ಬಿಣದ ಕಂಡ್ಯೂಟ್ ಪೈಪನ್ನೇ ಅರ್ಥಾಗಿ ನೆಚ್ಚಿದ ಮನೆಗಳಲ್ಲಿ, ರಿಪೇರಿಯ ವೇಳೆ ನಡುವೆ ಪಿವಿಸಿ ತುಂಡು ಸೇರಿಸಿದರೆ ದಾರಿ ಅಲ್ಲಿಗೇ ಕಡಿದುಹೋಗುತ್ತದೆ. ನೀರಿನ ಜಿಐ ಪೈಪಿಗೆ ಅರ್ಥ್ ಕಟ್ಟಿದ್ದ ಮನೆಗಳಲ್ಲೂ ಪೈಪು ಬದಲಿಸಿ ಪ್ಲಾಸ್ಟಿಕ್ ಹಾಕಿದ ದಿನವೇ ಅರ್ಥ್ ಹೋಗಿರುತ್ತದೆ.

ಇದರದೇ ಇನ್ನೊಂದು ರೂಪದಲ್ಲಿ, ಕರೆಂಟು ತೆಗೆದ ಡಿಬಿಯಲ್ಲಿ ಆ ಸರ್ಕ್ಯೂಟಿನ ಫೇಸನ್ನು ಅರ್ಥ್ ಪಟ್ಟಿಗೆ ತಾತ್ಕಾಲಿಕವಾಗಿ ಸೇರಿಸಿ, ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆಯುತ್ತಾರೆ. ಉದ್ದನೆಯ ವೈರ್ ಎಳೆದಾಡುವ ಅಗತ್ಯವಿಲ್ಲ, ಫೇಸ್ ಸರಿಯಾದ ರಂಧ್ರದಲ್ಲಿದೆ ಎಂಬುದೂ ಜೊತೆಗೇ ತಿಳಿಯುತ್ತದೆ. ಹೊಸ ಮನೆಯ ಹಸ್ತಾಂತರದ ಮೊದಲು ಇದನ್ನೇ ನಾನು ಮೆಚ್ಚುತ್ತೇನೆ. ಜನವಾಸವಿರುವ ಮನೆಯಲ್ಲಿ, ಆ ತಾತ್ಕಾಲಿಕ ಸೇರಿಕೆಯನ್ನು ಬಿಚ್ಚುವುದು ಮರೆತರೆ ಏನಾದೀತೆಂದು ಯೋಚಿಸಿ, ಉದ್ದನೆಯ ವೈರಿನ ವಿಧಾನವೇ ವಾಸಿ.

ಒಂದು ಮಿತಿಯನ್ನು ಹೇಳಲೇಬೇಕು. ಹಲವು ಎಳೆಗಳ ವೈರಿನಲ್ಲಿ ಒಂದೇ ಎಳೆ ಸ್ಕ್ರೂವಿನ ಕೆಳಗೆ ಉಳಿದು ಮಿಕ್ಕವು ಕತ್ತರಿಸಿಹೋಗಿದ್ದರೆ, ಆ ಒಂದು ಸೆಂಟಿಮೀಟರ್ ಎಳೆ ಸೇರಿಸುವ ರೋಧ ಓಮಿನ ಕೆಲವೇ ಸಾವಿರದ ಅಂಶಗಳು. 200 ಮಿಲಿ ಆಂಪಿಯರಿನ ಮೀಟರಿಗೂ ಅದು ಕಾಣದು. ದೋಷದ ಕರೆಂಟು ಬಂದಾಗ ಆ ಎಳೆ ಸುಟ್ಟುಹೋಗಬಹುದು. ಆದ್ದರಿಂದ ಕೆಲವು ಸಾಕೆಟ್‌ಗಳನ್ನಾದರೂ ಬಿಚ್ಚಿ, ಟರ್ಮಿನಲ್ಲನ್ನು ಕಣ್ಣಿನಿಂದ ನೋಡಿ, ವೈರನ್ನು ಮೆಲ್ಲಗೆ ಎಳೆದು ನೋಡುವುದಕ್ಕೆ ಯಾವ ಮೀಟರೂ ಬದಲಿಯಲ್ಲ.

ಲೂಪ್ ಟೆಸ್ಟರ್: ಇಡೀ ದಾರಿಯ ಅಳತೆ

ಕರೆಂಟಿರುವ ಸಾಕೆಟ್ಟಿಗೇ ಚುಚ್ಚಿ, ಫೇಸಿನಿಂದ ಅರ್ಥಿಗೆ ನಿಯಂತ್ರಿತ ಕರೆಂಟನ್ನು ಹರಿಸಿ, ವೋಲ್ಟೇಜಿನ ಇಳಿಕೆಯಿಂದ ಇಡೀ ಸುತ್ತಿನ ರೋಧವನ್ನು ಲೆಕ್ಕ ಹಾಕುವುದು ಲೂಪ್ ಟೆಸ್ಟರ್. ಟ್ರಾನ್ಸ್‌ಫಾರ್ಮರ್, ಫೇಸ್ ತಂತಿ, ಮನೆಯ ಅರ್ಥ್ ವೈರ್, ಗುಂಡಿ, ಮಣ್ಣು, ಟ್ರಾನ್ಸ್‌ಫಾರ್ಮರಿನ ಅರ್ಥ್ ಎಲ್ಲವೂ ಇದರಲ್ಲಿ ಸೇರುತ್ತವೆ. ದೋಷದ ಕರೆಂಟು ಹರಿಯುವ ದಾರಿಯನ್ನೇ ಇದು ಅಳೆಯುತ್ತದೆ.

ಬಿಡಿ ಮನೆಗೆ ಇದು ಬಹಳ ಉಪಯುಕ್ತ. ಸುತ್ತಿನ ಒಟ್ಟು ರೋಧದಲ್ಲಿ ಗುಂಡಿಯದೇ ದೊಡ್ಡ ಪಾಲಾದ್ದರಿಂದ, ಟೆಸ್ಟರ್ 28 ಓಮ್ ತೋರಿಸಿದರೆ ಗುಂಡಿಯ ರೋಧ 28ಕ್ಕಿಂತ ಹೆಚ್ಚಿರಲಾರದು ಎಂದು ಧೈರ್ಯವಾಗಿ ಹೇಳಬಹುದು. ನಗರದ ಮೂವತ್ತು ನಲವತ್ತರ ನಿವೇಶನದಲ್ಲಿ ಗೂಟ ನೆಡಲು ಜಾಗವೇ ಇಲ್ಲದಿರುವಾಗ ಈ ಉತ್ತರ ಸಾಕು. ಅದೇ ಮನೆಯಲ್ಲಿ 0.8 ಓಮ್ ಬಂದರೆ ಹಿಗ್ಗಬಾರದು. ಸ್ವಂತ ಗುಂಡಿಯೊಂದನ್ನೇ ನೆಚ್ಚಿದ ಮನೆಯಲ್ಲಿ ಅಷ್ಟು ಕಡಿಮೆ ರೋಧ ಬರುವುದು ವಿರಳ. ಎಲ್ಲೋ ನ್ಯೂಟ್ರಲ್ಲಿಗೂ ಅರ್ಥಿಗೂ ಲೂಪ್ ಕೊಟ್ಟಿದ್ದಾರೆಂಬುದು ಮೊದಲ ಅನುಮಾನವಾಗಬೇಕು. ಮೇನ್ ಮತ್ತು ಎರಡು ಪೋಲಿನ ಆರ್‌ಸಿಸಿಬಿ ಎರಡನ್ನೂ ಆಫ್ ಮಾಡಿ, ಉಪಕರಣಗಳನ್ನು ಕಿತ್ತು, ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕಂಟಿನ್ಯುಟಿ ನೋಡಿದರೆ ಅನುಮಾನ ಪರಿಹಾರವಾಗುತ್ತದೆ: ಅಲ್ಲಿ ಸಂಪರ್ಕ ಕಾಣಬಾರದು.

ಅಪಾರ್ಟ್‌ಮೆಂಟಿನ ಟಿಎನ್ ವ್ಯವಸ್ಥೆಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಎಂಸಿಬಿಯೇ ತಕ್ಷಣ ಬೀಳುವಷ್ಟು ಕರೆಂಟು ಹರಿಯಬೇಕು. ಸಿ ವರ್ಗದ 16 ಆಂಪಿಯರ್ ಎಂಸಿಬಿಗೆ 1.44 ಓಮಿಗಿಂತ, ಐದು ಪಟ್ಟು ಕರೆಂಟಿಗೇ ತಕ್ಷಣ ಬೀಳುವ ಬಿ ವರ್ಗದ 16 ಆಂಪಿಯರಿಗೆ 2.87 ಓಮಿಗಿಂತ, ಸಿ ವರ್ಗದ 32 ಆಂಪಿಯರಿಗೆ 0.72 ಓಮಿಗಿಂತ ಸುತ್ತಿನ ರೋಧ ಕಡಿಮೆಯಿರಬೇಕು, ವೈರ್ ಬಿಸಿಯಾದಾಗ ರೋಧ ಏರುವುದರಿಂದ ಇನ್ನೂ ಸ್ವಲ್ಪ ಕಡಿಮೆಯೇ ಇರಬೇಕು. ಬಿಡಿ ಮನೆಯಲ್ಲಿ ಅನುಮಾನ ಹುಟ್ಟಿಸುವ 0.8 ಓಮ್ ಇಲ್ಲಿ 16 ಆಂಪಿಯರಿನ ಸರ್ಕ್ಯೂಟಿಗೆ ಒಳ್ಳೆಯ ಅಂಕೆ, ಸಿ ವರ್ಗದ 32ಕ್ಕೆ ಸಾಲದ ಅಂಕೆ.

ಲೂಪ್ ಟೆಸ್ಟರಿನಲ್ಲಿ ಎರಡು ಕ್ರಮಗಳಿರುತ್ತವೆ. ಹೆಚ್ಚು ಕರೆಂಟು ಹರಿಸುವ ಕ್ರಮ ನಿಖರ, ಆದರೆ ಆರ್‌ಸಿಸಿಬಿಯನ್ನು ಬೀಳಿಸುತ್ತದೆ. ಬೀಳಿಸದ ಕ್ರಮ ಕೆಲವೇ ಮಿಲಿ ಆಂಪಿಯರ್ ಹರಿಸುವುದರಿಂದ ಅದರ ಅಂಕೆ ಸಣ್ಣ ರೋಧಗಳಲ್ಲಿ ಅಲುಗಾಡುತ್ತದೆ. ಬಿಡಿ ಮನೆಯಲ್ಲಿ 28ರ ಬದಲು 29 ಬಂದರೆ ವ್ಯತ್ಯಾಸವಿಲ್ಲ, ಆದ್ದರಿಂದ ಬೀಳಿಸದ ಕ್ರಮ ಸಾಕು. ಟಿಎನ್ ವ್ಯವಸ್ಥೆಯಲ್ಲಿ 0.6 ಮತ್ತು 0.9ರ ನಡುವಿನ ವ್ಯತ್ಯಾಸವೇ ತೀರ್ಮಾನವಾದ್ದರಿಂದ ಹೆಚ್ಚು ಕರೆಂಟಿನ ಕ್ರಮ ಬೇಕು. ಅರ್ಥ್ ಕಡಿದ ಮನೆಯಲ್ಲಿ ಈ ಪರೀಕ್ಷೆಯೂ ಟೆಸ್ಟ್ ಲ್ಯಾಂಪಿನ ಹಾಗೆ ಅರ್ಥ್ ಪಿನ್ನುಗಳಿಗೆ ಕ್ಷಣಕಾಲ ವೋಲ್ಟೇಜು ತರಬಲ್ಲದು. ಅದಕ್ಕೇ ಕಂಟಿನ್ಯುಟಿ ಮೊದಲು, ಲೂಪ್ ಆಮೇಲೆ ಎಂಬ ಕ್ರಮ ತಪ್ಪಬಾರದು, ಮತ್ತು ಲೂಪ್ ಪರೀಕ್ಷೆಯನ್ನು ಪರವಾನಗಿಯಿರುವ ಎಲೆಕ್ಟ್ರಿಷಿಯನ್ನರೇ ಮಾಡಬೇಕು.

ಗುಂಡಿಯನ್ನೇ ಅಳೆಯಬೇಕಾದಾಗ

ಲೂಪಿನ ಅಂಕೆ ಹೆಚ್ಚು ಬಂದು, ತಪ್ಪು ಮನೆಯೊಳಗಿಲ್ಲವೆಂದು ಕಂಟಿನ್ಯುಟಿಯಿಂದ ತಿಳಿದ ಮೇಲೆ ಗುಂಡಿಯ ಪರೀಕ್ಷೆಗೆ ಅರ್ಥ ಬರುತ್ತದೆ. ಮೂರು ಗೂಟದ ಅರ್ಥ್ ಟೆಸ್ಟರ್ ಗುಂಡಿಯಿಂದ ದೂರದ ಒಂದು ಗೂಟದವರೆಗೆ ಕರೆಂಟು ಹರಿಸಿ, ನಡುವಿನ ಗೂಟದಲ್ಲಿ ವೋಲ್ಟೇಜನ್ನು ಓದುತ್ತದೆ. ದೂರದ ಗೂಟ 30 ಮೀಟರಿನಲ್ಲಿದ್ದರೆ ನಡುವಿನದು ಶೇಕಡ 62ರಷ್ಟು ದೂರದಲ್ಲಿ, ಅಂದರೆ ಸುಮಾರು 18.5 ಮೀಟರಿನಲ್ಲಿರಬೇಕು, ಅದನ್ನು ಒಂದೆರಡು ಮೀಟರ್ ಆಚೀಚೆ ಸರಿಸಿದರೂ ಅಂಕೆ ನಿಂತರೆ ಮಾತ್ರ ಅಳತೆ ನಂಬಲರ್ಹ. ಗುಂಡಿಯ ವೈರನ್ನು ಮನೆಯ ಪಟ್ಟಿಯಿಂದ ಬಿಚ್ಚಿಯೇ ಅಳೆಯಬೇಕು, ಬಿಚ್ಚಿದಷ್ಟು ಹೊತ್ತು ಮೇನ್ ಆಫ್ ಇರಲೇಬೇಕು. ತೋಟದ ಮನೆ, ಹಳ್ಳಿಯ ಮನೆಗಳಲ್ಲಿ ಇದಕ್ಕಿಂತ ಉತ್ತಮ ವಿಧಾನವಿಲ್ಲ.

ಅರ್ಥ್ ವೈರಿನ ಸುತ್ತ ಕಚ್ಚಿಸಿ ಅಳೆಯುವ ಕ್ಲ್ಯಾಂಪ್ ಟೆಸ್ಟರ್ ನೋಡಲು ಸುಲಭ, ಏನನ್ನೂ ಬಿಚ್ಚಬೇಕಾಗಿಲ್ಲ. ಆದರೆ ಕರೆಂಟು ಮರಳಲು ಇನ್ನೊಂದು ಅರ್ಥ್ ದಾರಿ ಇರಲೇಬೇಕು. ಒಂದೇ ಗುಂಡಿಯ ಮನೆಯಲ್ಲಿ ಅದು ಅನಂತ ರೋಧ ತೋರಿಸುತ್ತದೆ. ಹಲವು ಗುಂಡಿಗಳ ಅಪಾರ್ಟ್‌ಮೆಂಟುಗಳಿಗೆ ಅದು ಸೂಕ್ತ.

ಗುಂಡಿಯಿಂದ ಎಷ್ಟು ನಿರೀಕ್ಷಿಸಬೇಕೆಂಬುದು ಮಣ್ಣಿಗೆ ಬಿಟ್ಟದ್ದು. ಭೂಸಂಪರ್ಕದ ಭಾರತೀಯ ಮಾನಕವಾದ ಐಎಸ್ 3043 ಹೇಳುವ ಸೂತ್ರದ ಪ್ರಕಾರ, 100 ಓಮ್ ಮೀಟರ್ ರೋಧಕತೆಯ ಮಣ್ಣಿನಲ್ಲಿ 2.5 ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಒಂದು ಪೈಪು ಕೊಡುವುದು ಸುಮಾರು 35 ಓಮ್. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ, ಆದರೆ ಬೇಸಿಗೆಯಲ್ಲಿ ಆ ಮಣ್ಣು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಕರಾವಳಿಯ ಮುರಕಲ್ಲು, ಬೆಂಗಳೂರು, ಕೋಲಾರದ ಕಡೆಯ ಬಂಡೆ ನೆಲದಲ್ಲಿ 35 ಕೂಡ ಸುಲಭವಲ್ಲ. ಉಪ್ಪು, ಇದ್ದಿಲು ಹಾಕಿ ನೀರು ಹೊಯ್ದರೆ ರೋಧ ಇಳಿಯುವುದು ನಿಜ. ಉಪ್ಪು ಮಳೆಗೆ ತೊಳೆದುಹೋಗುವುದೂ, ಜಿಐ ಪೈಪನ್ನು ತಿನ್ನುವುದೂ ಅಷ್ಟೇ ನಿಜ. ಮೊದಲನೆಯದರ ಉದ್ದದಷ್ಟಾದರೂ ದೂರದಲ್ಲಿ ಎರಡನೆಯ ಪೈಪು ಹೂಳಿ ಎರಡನ್ನೂ ಸೇರಿಸುವುದು ಹೆಚ್ಚು ಬಾಳುವ ಪರಿಹಾರ. ಶ್ರಾವಣದಲ್ಲಿ ಅಳೆದ ಅಂಕೆಯನ್ನು ನೆಚ್ಚಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣು ಒಣಗಿದಾಗ ಬರುವುದೇ ಮನೆಯ ನಿಜವಾದ ಅಂಕೆ.

ಮೂರನೆಯ ಪ್ರಶ್ನೆ: ಕಡಿಯುತ್ತದೆಯೇ

ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದರೆ ಅರ್ಥಿಂಗ್ ಸರಿಯಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆ ಬಟನ್ ಆರ್‌ಸಿಸಿಬಿಯ ಒಳಗೇ ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಸಮತೋಲನ ಉಂಟುಮಾಡುತ್ತದೆ. ಮನೆಯಲ್ಲಿ ಅರ್ಥ್ ವೈರೇ ಇಲ್ಲದಿದ್ದರೂ ಅದು ಬೀಳುತ್ತದೆ. ಯಂತ್ರಭಾಗ ಅಂಟಿಕೊಂಡಿಲ್ಲವೆಂದು ತಿಳಿಯಲು ಅದನ್ನು ಆಗಾಗ ಒತ್ತಲೇಬೇಕು, ಆದರೆ ಅರ್ಥಿನ ಬಗ್ಗೆ ಅದರಿಂದ ಏನೂ ತಿಳಿಯದು. ಆರ್‌ಸಿಸಿಬಿಯನ್ನು ಪರೀಕ್ಷಿಸಲೆಂದೇ ಸಾಕೆಟ್ಟಿಗೆ ಚುಚ್ಚುವ ಆರ್‌ಸಿಡಿ ಟೆಸ್ಟರ್ ಮಾತ್ರ ನಿಜವಾದ ಅರ್ಥ್ ದಾರಿಯ ಮೂಲಕ 30 ಮಿಲಿ ಆಂಪಿಯರ್ ಹರಿಸಿ ಕಡಿಯಲು ಹಿಡಿದ ಸಮಯವನ್ನು ಹೇಳುತ್ತದೆ. ಅದು 300 ಮಿಲಿಸೆಕೆಂಡಿನೊಳಗಿರಬೇಕು, ಐದು ಪಟ್ಟು ಕರೆಂಟಿನಲ್ಲಿ 40 ಮಿಲಿಸೆಕೆಂಡಿನೊಳಗಿರಬೇಕು. ಹಲವು ಲೂಪ್ ಟೆಸ್ಟರ್‌ಗಳಲ್ಲಿ ಈ ಸೌಲಭ್ಯವೂ ಸೇರಿರುತ್ತದೆ, ಇನ್‌ಸ್ಟಾಲೇಷನ್ ಟೆಸ್ಟರ್ ಎಂಬ ಒಂದೇ ಪೆಟ್ಟಿಗೆಯಲ್ಲಿ ಕಂಟಿನ್ಯುಟಿಯೂ ಇರುತ್ತದೆ.

ಹೀಗಾಗಿ ಎಲೆಕ್ಟ್ರಿಷಿಯನ್ನರನ್ನು ಕರೆಸುವಾಗ ಅವರ ಬಳಿ ಅಂಥ ಪೆಟ್ಟಿಗೆ ಇದೆಯೇ ಎಂದು ಮೊದಲೇ ಕೇಳುವುದು ಉಚಿತ. ದೊಡ್ಡ ಕಟ್ಟಡಗಳ ಕೆಲಸ ಮಾಡುವ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಲ್ಲಿ ಇರುವ ಸಂಭವ ಹೆಚ್ಚು. ಪರೀಕ್ಷೆಯಾದ ಮೇಲೆ ಸರಿಯಿದೆ ಎಂಬ ಮಾತನ್ನಷ್ಟೇ ಪಡೆಯದೆ, ಪ್ರತಿ ಸಾಕೆಟ್ಟಿನ ಎದುರು ಕಂಟಿನ್ಯುಟಿಯ ಓಮ್, ಲೂಪಿನ ಓಮ್, ಆರ್‌ಸಿಸಿಬಿಯ ಮಿಲಿಸೆಕೆಂಡ್ ಬರೆಸಿಕೊಂಡು ಡಿಬಿಯ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಎಲ್ಲ ಸಾಕೆಟ್‌ಗಳಿಗೂ ಒಂದೇ ಅಂಕೆ ಬರೆದಿದ್ದರೆ ಅವರು ಅಳೆದಿಲ್ಲವೆಂದೇ ಅರ್ಥ, ಮತ್ತೆ ನಿಮ್ಮೆದುರೇ ಅಳೆಯಲು ಹೇಳಿ. ಒಂದೇ ಪರೀಕ್ಷೆಗೆ ಮಾತ್ರ ಅವಕಾಶವಿದ್ದರೆ ಸ್ನಾನದ ಮನೆಯ ಗೀಸರ್ ಪಾಯಿಂಟಿನಲ್ಲಿ ಕಂಟಿನ್ಯುಟಿ ಮಾಡಿಸಿ. ಎರಡಕ್ಕೆ ಅವಕಾಶವಿದ್ದರೆ ಅದೇ ಪಾಯಿಂಟಿನಲ್ಲಿ ಆರ್‌ಸಿಡಿ ಟೆಸ್ಟರ್ ಹಾಕಿಸಿ. ಆಮೇಲೆ ವಾಷಿಂಗ್ ಮೆಷಿನ್, ಸಂಪಿನ ಮೋಟಾರ್, ಗ್ರೈಂಡರ್ ಹೀಗೆ ನೀರು ಮತ್ತು ಲೋಹ ಒಟ್ಟಿಗಿರುವ ಕಡೆಗಳಿಗೆ ಹೋಗಿ.